ಬಲಗಣ್ಣಿನ ಬದಿಯ ನೆರಳು

ಕಳೆದ ತಿಂಗಳು ಹೊಸ ಕನ್ನಡಕಕ್ಕೆಂದು ಇಂದಿರಾನಗರದ ಒಂದು ಕಣ್ಣಿನ ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲಿದ್ದ ಹುಡುಗಿ ಯಂತ್ರದ ಗದ್ದದ ಪಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, "ಗದ್ದ ಇಲ್ಲಿಡಿ ಮೇಡಂ, ಹಣೆ ಮುಂದಕ್ಕೆ ಒತ್ತಿ" ಎಂದಳು. ಸ್ಪಿರಿಟ್ಟು ಇನ್ನೂ ಆರಿರಲಿಲ್ಲ. ಆ ತಣ್ಣನೆಯ ಘಾಟು ಮೂಗಿಗೆ ಏರಿದ್ದೇ ತಡ, ಉಸಿರು ಹಿಡಿದುಬಿಟ್ಟೆ. "ಉಸಿರು ಬಿಡಿ ಮೇಡಂ, ಯಾಕೆ ಹಿಡ್ಕೊಂಡಿದ್ದೀರಾ?" ಎಂದು ಹುಡುಗಿ ನಕ್ಕಳು. ಅದೇ ಮಾತನ್ನು ನಾನು ದಿನಕ್ಕೆ ಮೂವತ್ತು ನಲವತ್ತು ಸಲ ಬೇರೆಯವರಿಗೆ ಹೇಳುತ್ತಿದ್ದ ಕಾಲವೊಂದಿತ್ತು.

ಎರಡು ಸಾವಿರದ ಎರಡನೇ ಇಸವಿ. ನನಗೆ ಇಪ್ಪತ್ತೆರಡು. ಕಣ್ಣು ಪರೀಕ್ಷೆಯ ಡಿಪ್ಲೊಮಾ ಮುಗಿಸಿ ಹಲಸೂರಿನ ಒಂದು ಖಾಸಗಿ ಕಣ್ಣಾಸ್ಪತ್ರೆಗೆ ಸೇರಿ ಹತ್ತಿರ ಹತ್ತಿರ ಒಂದು ವರ್ಷವಾಗಿತ್ತು. ಸೇರುವಾಗಲೇ ಎರಡು ವರ್ಷ ಬಿಡುವಂತಿಲ್ಲ ಎಂದು ಬರೆಸಿಕೊಂಡು, ನನ್ನ ಅಂಕಪಟ್ಟಿ, ಡಿಪ್ಲೊಮಾ ಎಲ್ಲದರ ಅಸಲು ಪ್ರತಿಗಳನ್ನು ಆಫೀಸಿನ ಕಬ್ಬಿಣದ ಬೀರುವಿನಲ್ಲಿ ಇಟ್ಟುಕೊಂಡಿದ್ದರು. ಕೆಳಗೆ ಅಪ್ಪನ ಸಹಿಯೂ ಇತ್ತು. ಬೀರುವಿನ ಬೀಗದ ಕೈ ಮ್ಯಾನೇಜರರ ಸೊಂಟದಲ್ಲಿ ತೂಗುತ್ತಿತ್ತು. ಅವರು ಕಾರಿಡಾರಿನಲ್ಲಿ ನಡೆದುಹೋದರೆ ಆ ಸದ್ದು ನನ್ನ ಕೋಣೆಯೊಳಗೂ ಕೇಳಿಸುತ್ತಿತ್ತು.

ನನ್ನ ಕೋಣೆಗೆ ಕಿಟಕಿ ಇರಲಿಲ್ಲ. ಹಿಂದೆ ಇದ್ದ ಒಂದನ್ನು ಹಲಗೆ ಹೊಡೆದು ಮುಚ್ಚಿ, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಕಣ್ಣಿನೊಳಗೆ ನೋಡಬೇಕಾದರೆ ಕತ್ತಲೆ ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದರೆ ಸಂಜೆ ಐದೂವರೆಯವರೆಗೆ ಗೋಡೆಯ ಮೇಲಿನ ಅಕ್ಷರಗಳ ಪೆಟ್ಟಿಗೆ ಮತ್ತು ಯಂತ್ರದ ಸಣ್ಣ ದೀಪ, ಎರಡೇ ಬೆಳಕು. ಹೊರಗೆ ಮಳೆ ಬಂದು ನಿಂತಿದ್ದು ರೋಗಿಗಳ ಒದ್ದೆ ಚಪ್ಪಲಿಯಿಂದ ಗೊತ್ತಾಗಬೇಕು. ಕೆ.ಆರ್. ಪುರದಲ್ಲಿ ಆಗ ತೂಗುಸೇತುವೆಯ ಕೆಲಸ ನಡೆಯುತ್ತಿತ್ತು. ಮನೆಗೆ ಹೋಗುವ ಬಸ್ಸು ಟಿನ್ ಫ್ಯಾಕ್ಟರಿಯ ಹತ್ತಿರ ಗಂಟೆಗಟ್ಟಲೆ ನಿಂತುಬಿಡುತ್ತಿತ್ತು. ಒಂದು ಪೆಟ್ಟಿಗೆಯಿಂದ ಇಳಿದು ಇನ್ನೊಂದು ಪೆಟ್ಟಿಗೆ ಹತ್ತಿದ ಹಾಗೆ.

ಪೊರೆ ತೆಗೆದು ಮಸೂರ ಕೂರಿಸಿಕೊಂಡವರು ತಿಂಗಳಾದ ಮೇಲೆ, ಮತ್ತೆ ಮೂರು ತಿಂಗಳಿಗೆ ತೋರಿಸಲು ಬರುತ್ತಿದ್ದರು. ಅವರನ್ನು ವಿಚಾರಿಸಿ ಒಂದು ಹಾಳೆ ತುಂಬಿಸುವುದು ನನ್ನ ಕೆಲಸ. ದೀಪದ ಸುತ್ತ ಬಳೆ ಕಾಣುತ್ತದೆಯೇ? ಬೆಳಕು ಗೆರೆಗೆರೆಯಾಗಿ ಸಿಡಿಯುತ್ತದೆಯೇ? ಬದಿಯಲ್ಲಿ ಮಿಂಚು ಅಥವಾ ನೆರಳು? ಪ್ರತಿಯೊಂದರ ಮುಂದೆ ಮೂರು ಚೌಕ: ಇಲ್ಲ, ಸ್ವಲ್ಪ, ತುಂಬಾ. ಮಸೂರ ಒದಗಿಸುತ್ತಿದ್ದ ಕಂಪನಿಗೂ ಆ ಹಾಳೆಗಳ ಪ್ರತಿ ಹೋಗುತ್ತಿತ್ತು.

ಮೊದಮೊದಲು ಜನ ಹೇಳಿದ್ದನ್ನೇ ಬರೆಯುತ್ತಿದ್ದೆ. ಒಂದು ದಿನ ದೊಡ್ಡ ಡಾಕ್ಟರು ಕರೆಸಿದರು. ನಾವೆಲ್ಲ ಅವರನ್ನು ಕರೆಯುತ್ತಿದ್ದುದೇ ಹಾಗೆ. ಅವರ ಕೈಗುಣ ಬಹಳ ಒಳ್ಳೆಯದು; ಅದರಲ್ಲಿ ಎರಡು ಮಾತಿಲ್ಲ. ಯಾರ ಮೇಲೂ ಕೂಗಾಡಿದವರಲ್ಲ.

"ವನಜಾ, ಪೇಷಂಟ್ ಹೇಳಿದ್ದನ್ನೆಲ್ಲ ಬರೆಯೋಕಾಗಲ್ಲಮ್ಮ. ಲೆನ್ಸ್ ಸೆಂಟರಲ್ಲಿ ಕೂತಿದೆ, ರೆಟಿನಾ ಕ್ಲೀನ್ ಇದೆ, ಕೊನೇ ಸಾಲು ಓದ್ತಿದ್ದಾರೆ. ಇನ್ನೇನು ಕಂಪ್ಲೇಂಟು? ಇನ್ನೊಂದ್ಸಲ ಕೇಳು. ಸರಿಯಾಗಿ ಕೇಳು."

ಇನ್ನೊಂದು ಸಲ ಕೇಳುವುದು ಹೇಗೆಂದು ಬಹುಬೇಗ ಕಲಿತೆ. "ನಿಜವಾಗ್ಲೂ ಕಾಣುತ್ತಾ? ಈಗ್ಲೂ ಕಾಣ್ತಿದ್ಯಾ?" ಎಂದರೆ ಸಾಕು, ಮನುಷ್ಯರಿಗೆ ತಮ್ಮ ಕಣ್ಣಿನ ಮೇಲೇ ಅನುಮಾನ ಬರುತ್ತದೆ. ಒಂದು ಕ್ಷಣ ಕತ್ತಲನ್ನು ನೋಡಿ, "ಈಗೇನಿಲ್ಲ ಬಿಡಿ" ಎನ್ನುತ್ತಿದ್ದರು. ನಾನು 'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿ, ಕೆಳಗೆ ಸಹಿ ಮಾಡುತ್ತಿದ್ದೆ.

ಶರಣಮ್ಮ ಬಂದದ್ದು ಏಪ್ರಿಲಿನಲ್ಲಿ. ಯಾದಗಿರಿ ಕಡೆಯವಳು, ಐವತ್ತೈದರ ಆಸುಪಾಸು. ಮಗಳು ಅಳಿಯನ ಜತೆ ಕಗ್ಗದಾಸಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಮಗಳು, ಅಳಿಯ ಕಟ್ಟಡದ ಕೆಲಸಕ್ಕೆ ಹೋದರೆ ಇವಳು ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಬುಟ್ಟಿಯಲ್ಲಿ ಹೊತ್ತು, ತಮ್ಮ ಕಡೆಯ ಕೆಲಸಗಾರರಿಗೆ ಮಾರಿಕೊಂಡು ಬರುತ್ತಿದ್ದಳು. ಫೆಬ್ರುವರಿ ಕೊನೆಯಲ್ಲಿ ದೊಡ್ಡ ಡಾಕ್ಟರು ಅವಳ ಬಲಗಣ್ಣಿನ ಪೊರೆ ತೆಗೆದಿದ್ದರು. ಗೋಡೆಯ ಕೊನೆಯ ಸಾಲಿನ ಗುರುತುಗಳನ್ನು ಅವಳು ಪಟಪಟನೆ ಬೆರಳಿನಲ್ಲಿ ತೋರಿಸಿದಳು.

"ಮುಂದಿಂದೆಲ್ಲ ಛಲೋ ಕಾಣ್ತದ್ರೀ ಯವ್ವಾ. ಸೂಜಿ ಪೋಣಸ್ತೀನಿ. ಆದ್ರ ಈ ಬಾಜೂಕ..." ಎಂದು ಬಲಗಿವಿಯ ಕಡೆ ಕೈ ತೋರಿಸಿ, "ಯಾರೋ ಬಂದು ನಿಂತಂಗ ಆಗ್ತದ. ಕರ್ರಗ. ಕುಡುಗೋಲು ಬಾಗಿದಂಗ ಬಾಗಿರ್ತದ. ತಿರುಗಿ ನೋಡಿದ್ರ ಯಾರೂ ಇರಂಗಿಲ್ಲ" ಎಂದಳು.

"ಈಗ್ಲೂ ಕಾಣ್ತಿದ್ಯಾ?"

ಅವಳು ತಲೆ ಅಲ್ಲಾಡಿಸದೆ ಕೂತು ನೋಡಿದಳು. "ಈಗ ಇಲ್ರೀ. ಇಲ್ಲಿ ಬಂದ್ರ ಹೋಗಿಬಿಡ್ತದ. ಮನೀಗೆ ಹೋದ್ರ ಮತ್ತ ಬರ್ತದ. ನಮ್ಮ ಓಣ್ಯಾಗ ಗಾಳಿ ಸೋಕ್ಯದ ಅಂತಾರ. ಅಳಿಯ ಯಂತ್ರ ಕಟ್ಟಿಸ್ಯಾನ." ತೋಳಿನ ಕಪ್ಪು ದಾರ ತೋರಿಸಿದಳು. "ರೊಟ್ಟಿ ಬಡಿಯೋ ಮುಂದ ಯಾರೋ ಬಂದ್ರು ಅಂತ ಬೆಚ್ಚಿ ಹಂಚಿಗಿ ಕೈ ಹಚ್ಚೀನಿ. ರಸ್ತಾ ದಾಟೋ ಮುಂದ ಗಾಡಿ ಬಂತು ಅಂತ ಹಿಂದ ಸರಿತೀನಿ. ಗಾಡೀನೇ ಇರಂಗಿಲ್ಲ."

ಹೊರಗೆ ಬೆಂಚಿನ ಮೇಲೆ ಇನ್ನೂ ಹನ್ನೆರಡು ಜನ ಕೂತಿದ್ದರು. ನಾನು ಅವಳ ಕೈ ಹಿಡಿದು, ಧೈರ್ಯ ಹೇಳುವ ದನಿಯಲ್ಲಿ, "ಅಲ್ಲಿ ಏನೂ ಇಲ್ಲ ಶರಣಮ್ಮ. ಡಾಕ್ಟ್ರು ನೋಡಿದಾರೆ, ಕಣ್ಣು ಚೆನ್ನಾಗಿದೆ. ಅದು ಕಂಡ್ರೂ ಲೆಕ್ಕಕ್ಕೆ ತಗೋಬೇಡಿ. ಸುಮ್ನೆ ನಡ್ಕೊಂಡು ಹೋಗ್ತಾ ಇರಿ" ಎಂದೆ.

"ನೀ ಹೇಳಿದ್ಮ್ಯಾಲ ಆತು, ಯವ್ವ" ಎಂದು ಅವಳು ಕೈ ಮುಗಿದು ಎದ್ದಳು. ಹಾಳೆಯಲ್ಲಿ 'ಇಲ್ಲ' ಎಂದು ಗುರುತು ಹಾಕಿದೆ.

ಮೇ ಕೊನೆಯಲ್ಲಿ ಅವಳು ಮತ್ತೆ ಬಂದಳು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರು. ನಾನು ಗಾಬರಿಯಾಗಿ ಏನಾಯಿತೆಂದು ಕೇಳಿದರೆ, ದೂರಿನ ಒಂದು ಎಳೆಯೂ ಇಲ್ಲದ ದನಿಯಲ್ಲಿ ಹೇಳಿದಳು:

"ಸ್ಕೂಟರ್ ಹಾಯ್ತ್ರೀ. ರಸ್ತಾ ದಾಟ್ಲಿಕ್ಕಿದ್ದೆ. ಬಾಜೂಕ ಕರ್ರಗ ಕಾಣ್ತು. ನೀ ಹೇಳಿದ್ದಿ ಅಲ್ಲ, ಅಲ್ಲಿ ಏನಿಲ್ಲ, ನಡೀತಿರು ಅಂತ. ನೆರಳೇ ಇರ್ಬೇಕು ಅಂತ ನಡದೆ. ಅವತ್ತ ಅದು ಖರೇನೇ ಗಾಡಿ ಇತ್ತು."

ನಮ್ಮ ರಸ್ತೆಗಳಲ್ಲಿ ದಾಟಲು ಹೆಜ್ಜೆ ಇಟ್ಟವರ ಮೇಲೆ ಮೊದಲು ಗಾಡಿ ಬರುವುದು ಬಲಗಡೆಯಿಂದಲೇ. ಅವಳ ನೆರಳು ನಿಂತಿದ್ದೂ ಅಲ್ಲೇ. ರೊಟ್ಟಿ ಬಡಿಯುವ ಕೈ ಪ್ಲಾಸ್ಟರಿನೊಳಗೆ ಸಿಕ್ಕಿಕೊಂಡಿತ್ತು. ಕತ್ತಲಲ್ಲಿ ನನ್ನ ಮುಖ ಅವಳಿಗೆ ಕಾಣಲಿಲ್ಲ ಎಂಬುದೊಂದೇ ಸಮಾಧಾನ.

ಅವತ್ತು ಮೊದಲ ಸಲ ನನಗೆ ಆ ಕೋಣೆಯಲ್ಲಿ ಕೂರಲಾಗಲಿಲ್ಲ. ಮುಂದೆ ಕಾದಿದ್ದವರನ್ನು ಹಾಗೆಯೇ ಬಿಟ್ಟು ಶರಣಮ್ಮನನ್ನು ಹಿಂದಿನ ಜಗಲಿಗೆ ಕರೆದುಕೊಂಡು ಹೋದೆ. ಆಸ್ಪತ್ರೆಯ ಹಸಿರು ಬಟ್ಟೆಗಳನ್ನು ಒಣಗಹಾಕುವ ಜಾಗ. ಹನ್ನೊಂದು ಗಂಟೆಯ ಬಿಸಿಲು ಕಣ್ಣು ಚುಚ್ಚುವಂತಿತ್ತು. ಹೊರಗೆ ಕಾಲಿಟ್ಟ ಕೂಡಲೇ ಅವಳು ಗಕ್ಕನೆ ನಿಂತಳು.

"ಬಂತು ನೋಡ್ರೀ."

"ಎಲ್ಲಿ?"

"ಇಲ್ಲೇ." ಬಿಸಿಲಿಗೆ ಅಡ್ಡವಾಗಿ ಸೆರಗನ್ನು ಬಲಗೆನ್ನೆಯ ಪಕ್ಕಕ್ಕೆ ಎಳೆದುಕೊಂಡವಳು ತಾನೇ ಬೆರಗಾಗಿ, "ಹೋತು!" ಎಂದಳು.

ಸೆರಗು ತೆಗೆಯಲು ಹೇಳಿದೆ. ಬಂತು. ನನ್ನ ಅಂಗೈಯನ್ನು ಅವಳ ಕಣ್ಣಿನ ಹೊರಬದಿಗೆ ತಡಿಕೆಯ ಹಾಗೆ ಹಿಡಿದೆ. ಹೋಯಿತು. ತೆಗೆದೆ. ಬಂತು. ದೆವ್ವವೂ ಅಲ್ಲ, ಹುಚ್ಚೂ ಅಲ್ಲ. ಬದಿಯಿಂದ ಬೀಳುವ ಬೆಳಕಿಗೂ ಒಳಗಿನ ಹೊಸ ಮಸೂರಕ್ಕೂ ಸಂಬಂಧಪಟ್ಟ ಏನೋ ಒಂದು. ಬಿಸಿಲಿನಲ್ಲಿ ಪಾಪೆ ಕಿರಿದಾದಾಗ ಕಾಣುತ್ತದೆ. ನನ್ನ ಕೋಣೆಯ ಕತ್ತಲಿನಲ್ಲಿ ಪಾಪೆ ಅಗಲವಾದ ಕೂಡಲೇ ಮಾಯವಾಗುತ್ತದೆ. ಒಂದು ವರ್ಷದಿಂದ ನಾನು ಜನರನ್ನು, ಆ ನೆರಳು ಬರಲು ಸಾಧ್ಯವೇ ಇಲ್ಲದ ಜಾಗದಲ್ಲಿ ಕೂರಿಸಿ, "ಈಗ್ಲೂ ಕಾಣ್ತಿದ್ಯಾ?" ಎಂದು ಕೇಳುತ್ತ ಬಂದಿದ್ದೆ.

ಆ ವಾರವೆಲ್ಲ ತಪಾಸಣೆಗೆ ಬಂದವರನ್ನು ಕಣ್ಣಿಗೆ ಪಾಪೆ ಅಗಲಿಸುವ ಔಷಧಿ ಹಾಕುವ ಮೊದಲೇ ಜಗಲಿಗೆ ಕರೆದೊಯ್ದೆ. ಒಂದು ಬಿಳಿ ಹಾಳೆ ಕೊಟ್ಟು, ಏನಾದರೂ ಕಂಡರೆ ಅದರ ಚಿತ್ರ ಬರೆದು ತೋರಿಸಿ ಎಂದೆ. ಹೆಚ್ಚಿನವರಿಗೆ ಏನೂ ಕಾಣಲಿಲ್ಲ. ಮೂವರು ಮಾತ್ರ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು, ಹಾಳೆಯ ಅಂಚಿನಲ್ಲಿ ಅದೇ ಕುಡುಗೋಲು ಬರೆದರು. ಅವನ್ನೆಲ್ಲ ತೆಗೆದುಕೊಂಡು ದೊಡ್ಡ ಡಾಕ್ಟರ ಮುಂದೆ ಇಟ್ಟೆ. ಶರಣಮ್ಮನ ಕೈ ಮುರಿದದ್ದನ್ನೂ, ಅದಕ್ಕೆ ಕಾರಣವಾದ ನನ್ನ ಮಾತನ್ನೂ ಹೇಳಿದೆ.

ಅವರು ಚಿತ್ರಗಳನ್ನು ಒಂದೊಂದಾಗಿ ತಿರುವಿ ನೋಡಿದರು. "ನನ್ನ ಸರ್ಜರೀಲಿ ಏನಾದ್ರೂ ತಪ್ಪಿದ್ಯಾ? ನೀನೇ ಹೇಳು."

"ಇಲ್ಲ ಸಾರ್. ತಪ್ಪೇ ಇಲ್ದೆ ಬರ್ತಿದೆ ಅಂತ್ಲೇ ನಾನು ಹೇಳ್ತಿರೋದು."

"ನೋಡಮ್ಮ, ನೆರಳು ಕಾಣುತ್ತಾ ಅಂತ ಪೇಪರ್ ಕೊಟ್ಟು ಕೂರಿಸಿದ್ರೆ ಕಾಣದೇ ಇರೋರಿಗೂ ಕಾಣೋಕೆ ಶುರುವಾಗುತ್ತೆ. ಇದು ಹಬ್ಬಿದ್ರೆ ಜನ ಆಪರೇಷನ್ನಿಗೇ ಹೆದರ್ತಾರೆ. ಪೊರೆ ಬಲಿತು ಕುರುಡಾಗ್ತಾರೆ. ಆಗ ನೀನು ಜವಾಬ್ದಾರಿ ತಗೋತೀಯಾ?"

ಅವರ ಆ ಮಾತನ್ನು ಈಗಲೂ ಸುಳ್ಳು ಎನ್ನಲಾರೆ. ಮರುದಿನದಿಂದ ನನ್ನನ್ನು ಕಣ್ಣು ಪರೀಕ್ಷೆಯಿಂದ ತೆಗೆದು ಬಾಗಿಲ ಹತ್ತಿರದ ಟೋಕನ್ ಕೌಂಟರಿಗೆ ಹಾಕಿದರು. ಕಂಬಿ ಹಾಕಿದ ಗೂಡು. ಅಂಗೈ ಹೊರಗೆ ಹೋಗುವಷ್ಟೇ ಕಿಂಡಿ.

ಕೆಲಸ ಬಿಟ್ಟುಬಿಡುತ್ತೇನೆಂದು ಮನೆಯಲ್ಲಿ ಅತ್ತುಬಿಟ್ಟೆ. ಅಪ್ಪ, ಊರಾಚೆ ಹೊಲವಿದ್ದಾಗ ರಾಗಿ ಬೆಳೆದವರು, ಈಗ ಅದೇ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿದವರು, ಕೊಟ್ಟ ಮಾತಿನ ವಿಷಯದಲ್ಲಿ ಹಳೆಯ ಕಾಲದವರೇ. "ಬಿಟ್ಬರ್ತೀನಿ ಅಂದ್ರೆ ಹೆಂಗಮ್ಮ? ನಾನೂ ರುಜು ಹಾಕಿದ್ದೀನಿ. ಸರ್ಟಿಫಿಕೇಟು ಅವ್ರ ಹತ್ರ ಅವೆ. ಬಂದು ಏನ್ ಮಾಡ್ತೀಯ?" ಎಂದರು. ಆಸ್ಪತ್ರೆಯಲ್ಲಿ ನರ್ಸ್ ಸ್ಟೆಲ್ಲಾ, ಕಾಕ್ಸ್ ಟೌನಿನವರು, ತಮ್ಮ ಬುತ್ತಿಯಿಂದ ಒಂದು ಇಡ್ಲಿ ನನ್ನ ಕಡೆ ತಳ್ಳಿ, "ಇನ್ನೊಂದು ವರ್ಷ ಅಷ್ಟೇ ಕಣಮ್ಮಾ, ಕಣ್ಣು ಮುಚ್ಕೊಂಡು ಓಡ್ಸು" ಎಂದರು. ಕಣ್ಣು ಮುಚ್ಚಿಕೊಳ್ಳುವುದನ್ನು ಆಗಲೇ ಸಾಕಷ್ಟು ಮಾಡಿದ್ದೆ.

ಜುಲೈಯಲ್ಲಿ ಶರಣಮ್ಮ ಕಿಂಡಿಯ ಮುಂದೆ ಬಂದು ನಿಂತಳು. ಪ್ಲಾಸ್ಟರು ಬಿಚ್ಚಿದ್ದರು. ಎಡಗಣ್ಣಿನ ಪೊರೆ ಬಲಿತಿತ್ತು. ಅದರಲ್ಲಿ ಈಗ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಇದನ್ನೂ ಮಾಡಿಸ್ಕೋ ಅಂತಾರ. ಮಗಳು ಬ್ಯಾಡ ಅಂತಾಳ. ನೀ ಹೇಳು, ಈ ಕಣ್ಣಿಗೂ ಅದು ಬರ್ತದೇನು?"

ಹಿಂದೆ ಸಾಲು ನಿಂತಿತ್ತು. ಹತ್ತು ಹೆಜ್ಜೆ ಆಚೆ ಮ್ಯಾನೇಜರು ಇದ್ದರು.

"ಬಂದ್ರೂ ಬರ್ಬಹುದು ಶರಣಮ್ಮ, ಬರ್ದೇನೂ ಇರ್ಬಹುದು. ಯಾರಿಗೆ ಬರುತ್ತೆ ಅಂತ ಮುಂಚೆ ಗೊತ್ತಾಗಲ್ಲ. ಸುಮಾರು ಜನಕ್ಕೆ ದಿನ ಕಳೆದ ಹಾಗೆ ಕಮ್ಮಿ ಆಗುತ್ತೆ ಅಂತ ಓದಿದ್ದೀನಿ, ಎಲ್ರಿಗೂ ಅಲ್ಲ. ಆದ್ರೆ ಮಾಡಿಸದೇ ಬಿಟ್ರೆ ಈ ಕಣ್ಣು ಹೋಗೋದು ಮಾತ್ರ ನಿಜ. ಆವತ್ತು ಏನೂ ಇಲ್ಲ ಅಂದಿದ್ದು ನನ್ನ ತಪ್ಪು. ಅದು ಇದೆ."

ಅವಳು ಕಿಂಡಿಯ ಕಂಬಿ ಹಿಡಿದುಕೊಂಡಳು. "ಅದು ಏನು ಅಂತ ಗೊತ್ತಿರ್ಲಿಲ್ಲ ನೋಡು, ಅದಕ್ಕ ಅಂಜಿಕಿ ಇತ್ತು. ಈಗ ಬಂದ್ರ ಬರ್ಲಿ. ಟೋಕನ್ ಕೊಡು" ಎಂದಳು.

ಮುಂದಿನ ಭಾನುವಾರ ನಾನು ಶಿವಾಜಿನಗರದ ಕನ್ನಡಕದ ಅಂಗಡಿಗಳನ್ನು ಸುತ್ತಿ, ಬದಿಯ ಬೆಳಕನ್ನು ತಡೆಯುವಂತೆ ಕಿವಿಯ ಕಡೆಯ ಕಡ್ಡಿಗಳು ಎರಡು ಬೆರಳಷ್ಟು ಅಗಲವಿದ್ದ ಹಳೆಯ ಮಾದರಿಯ ಫ್ರೇಮೊಂದನ್ನು ಹುಡುಕಿದೆ. "ಇದನ್ನ ಈಗ ಯಾರೂ ಹಾಕಲ್ಲ ಮೇಡಂ, ತಾತಂದಿರ ಮಾಡೆಲ್ಲು" ಎಂದು ಅಂಗಡಿಯವನು ನಕ್ಕ. ಕಗ್ಗದಾಸಪುರದ ಅವಳ ಓಣಿ ಹುಡುಕಿಕೊಂಡು ಹೋಗಿ ಕೊಟ್ಟೆ. ಹಾಕಿಕೊಂಡು ಬಾಗಿಲ ಹೊರಗೆ ಬಂದು ಬಿಸಿಲಲ್ಲಿ ನಿಂತಳು. ನೆರಳು ಪೂರ್ತಿ ಹೋಗಲಿಲ್ಲ, ತೆಳುವಾಯಿತು. ಮಗಳನ್ನು ಕರೆದು, "ನೋಡವಾ, ಗಾಳಿ ಆಗಿದ್ರ ಚಸ್ಮಾಕ್ಕ ಅಂಜ್ತಿತ್ತೇನು?" ಎಂದಳು. ಆ ಮಗಳು ತಾಯಿಯ ತೋಳಿನ ದಾರದ ಮೇಲೆ ಕೈಯಿಟ್ಟು ಅತ್ತಳು.

ಎಡಗಣ್ಣಿನ ಆಪರೇಷನ್ ಆಗಿ ತಿಂಗಳಿಗೆ ಅವಳು ತಪಾಸಣೆಗೆ ಬಂದ ದಿನ ಮೋಡ ಬಿಟ್ಟು ಬಿಸಿಲು ಬಿದ್ದಿತ್ತು. ನನ್ನ ಗೂಡಿನಿಂದ ಆಸ್ಪತ್ರೆಯ ಮುಂಬಾಗಿಲ ಮೆಟ್ಟಿಲು ಕಾಣುತ್ತಿತ್ತು. ದೊಡ್ಡ ಡಾಕ್ಟರು ಕಾರಿನಿಂದ ಇಳಿದು ಬರುತ್ತಿದ್ದರು. ಶರಣಮ್ಮ ಮೆಟ್ಟಿಲ ಮೇಲೆಯೇ ಅವರನ್ನು ತಡೆದಳು.

"ಸಾಹೇಬ್ರ, ನೀವು ದೇವರಂಥ ಕೆಲಸ ಮಾಡೀರಿ. ಎರಡೂ ಕಣ್ಣು ಕಾಣ್ತಾವ. ಈ ಕಣ್ಣಿಗೂ ಅದು ಬಂದದ, ಸಣ್ಣಗ. ನಾ ಜಗಳಕ್ಕ ಬಂದಿಲ್ರೀ. ನಿಮ್ಮ ಕೈ ಒಂದೀಟು ಇಲ್ಲಿ ಹಿಡೀರಿ."

ಮ್ಯಾನೇಜರು ಓಡಿಬಂದರು. ಡಾಕ್ಟರು ಅವರನ್ನು ಸನ್ನೆಯಲ್ಲೇ ನಿಲ್ಲಿಸಿದರು. ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ಅಂಗೈಯನ್ನು ಅವಳ ಎಡಗಣ್ಣಿನ ಬದಿಗೆ ಹಿಡಿದರು.

"ಈಗ?"

"ಹೋತ್ರೀ."

ಕೈ ತೆಗೆದರು. "ಈಗ?"

"ಬಂತ್ರೀ."

"ಕಣ್ಣು ಮುಚ್ಚಿ." ಅವಳು ಮುಚ್ಚಿದಳು. ಅವರು ಕೈ ಹಿಡಿಯದೆಯೇ, "ಕಣ್ಣು ಬಿಡಿ ಈಗ. ಇದೆಯಾ?" ಎಂದರು.

"ಅದಾ ರೀ. ನೀವು ಕೈ ಹಿಡ್ದಿಲ್ಲ."

ಹಾಗೆ ನಾಲ್ಕೈದು ಸಲ, ಕೆಲವೊಮ್ಮೆ ಹಿಡಿದು, ಕೆಲವೊಮ್ಮೆ ಹಿಡಿಯದೆ ಮಾಡಿದರು. ಅವಳು ಒಂದು ಸಲವೂ ತಪ್ಪಲಿಲ್ಲ. ಕೊನೆಗೆ ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಒಳಗೆ ಹೋಗುವಾಗ ನನ್ನ ಕಿಂಡಿಯ ಮುಂದೆ ಒಂದು ಕ್ಷಣ ನಿಂತು ಹೋದರು.

ಆದರೆ ಆ ತಿಂಗಳ ಹೊಸ ಹಾಳೆಗಳಲ್ಲಿ ಪ್ರಶ್ನೆಗಳ ಕೆಳಗೆ ಒಂದು ಸಾಲು ಸೇರಿತ್ತು: ಔಷಧಿ ಹಾಕುವ ಮೊದಲು, ಹೊರಗಿನ ಬೆಳಕಿನಲ್ಲಿ ಕೇಳಿ. ನನ್ನ ಜಾಗಕ್ಕೆ ಬಂದಿದ್ದ ಹುಡುಗಿ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಜಗಲಿಗೆ ಕರೆದುಕೊಂಡು ಹೋಗುವುದನ್ನು ನಾನು ಕಂಬಿಯ ಹಿಂದಿನಿಂದ ನೋಡುತ್ತಿದ್ದೆ. ನನ್ನನ್ನು ವಾಪಸ್ಸು ಕರೆಯಲಿಲ್ಲ. ಉಳಿದ ತಿಂಗಳುಗಳನ್ನು ಟೋಕನ್ ಹರಿದುಕೊಡುತ್ತಲೇ ಮುಗಿಸಿದೆ.

ಮರುವರ್ಷ ಅವಧಿ ಮುಗಿದು ಸರ್ಟಿಫಿಕೇಟುಗಳು ಕೈಗೆ ಬಂದಾಗ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. 'ಇಲ್ಲ' ಎಂದು ನಾನು ಗುರುತು ಹಾಕಿದ ಹಾಳೆಗಳು ಇನ್ನೂ ಒಳಗೇ ಇದ್ದವು. ಆ ಪೈಕಿ ಮೊದಲು "ಕಾಣುತ್ತೆ" ಎಂದು, ಎರಡನೇ ಸಲ ಕೇಳಿದಾಗ ಹಿಂದೆ ಸರಿದ ಹದಿನಾಲ್ಕು ಜನ ನನಗೆ ನೆನಪಿದ್ದರು. ಕೌಂಟರಿನಲ್ಲಿದ್ದಾಗಲೇ ಅವರ ವಿಳಾಸಗಳನ್ನು ಬರೆದಿಟ್ಟುಕೊಂಡಿದ್ದೆ. ಭಾನುವಾರಗಳಂದು ಹುಡುಕಿಕೊಂಡು ಹೊರಟೆ. ಕೆಲವರು ಮನೆ ಬದಲಾಯಿಸಿದ್ದರು. ಕೆಲವರಿಗೆ ನೆರಳು ತಾನಾಗಿಯೇ ಮಾಯವಾಗಿ, ಅದು ಇತ್ತೆಂಬುದೇ ಮರೆತುಹೋಗಿತ್ತು. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು.

ಕೊನೆಯದು ಬೆನ್ಸನ್ ಟೌನಿನ ಒಂದು ಹಳೆಯ ಮನೆ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾಗಿದ್ದ ರಾಜಶೇಖರ್ ಎಂಬವರು. ಅವರ ಹೆಂಡತಿ ಬಾಗಿಲು ತೆಗೆದರು. ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವಳೆಂದು ಹೇಳಿಕೊಂಡೆ. ಹಗಲು ಹನ್ನೊಂದು ಗಂಟೆ, ಆದರೂ ನಡುಮನೆಯ ಪರದೆಗಳೆಲ್ಲ ಇಳಿಬಿದ್ದಿದ್ದವು. ರಾಜಶೇಖರ್ ಮೂಲೆಯ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು.

"ಆಪರೇಷನ್ ಆದ್ಮೇಲೆ ಇವ್ರು ಹಿಂಗೇ ಆಗ್ಬಿಟ್ಟಿದ್ದಾರೆ" ಎಂದರು ಆಕೆ. "ವರಾಂಡಕ್ಕೆ ಬನ್ನಿ, ಪೇಪರ್ ಓದಿ ಅಂದ್ರೆ ಸಿಟ್ಟು."

ನಾನು ಅವರನ್ನು ವರಾಂಡಕ್ಕೆ ಬರಲು ಬೇಡಿಕೊಂಡೆ. ಬಂದರು. ಬಿಸಿಲಲ್ಲಿ ನಿಲ್ಲಿಸಿ ಅಂಗೈಯನ್ನು ಅವರ ಕಣ್ಣಿನ ಬದಿಗೆ ಹಿಡಿದೆ. ಅವರ ಉಸಿರು ನಿಂತದ್ದು ನನಗೆ ಗೊತ್ತಾಯಿತು.

"ನೀವು ಹೇಳಿದ್ದು ನಿಜ ಸಾರ್. ಆ ನೆರಳು ನಿಜವಾಗ್ಲೂ ಇದೆ."

"ಆವತ್ತು ಅದನ್ನ ಬರ್ಕೊಂಡ್ಯಾ?"

"ಇಲ್ಲ ಅಂತ ಬರ್ದೆ ಸಾರ್."

"ಒಂದೂವರೆ ವರ್ಷ. ತಲೆ ಕೆಟ್ಟಿದೆ ಅಂತ ನಾನೇ ಅಂದ್ಕೊಂಡಿದ್ದೆ" ಎಂದರು. ಕೂರು ಎನ್ನಲಿಲ್ಲ, ಪರವಾಗಿಲ್ಲ ಎನ್ನಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೆಲ್ಲಗೆ, "ಅದಕ್ಕೇನಾ ನೀವು ಕತ್ತಲಲ್ಲೇ ಕೂತಿರ್ತಿದ್ದಿದ್ದು? ನಂಗೆ ಯಾಕೆ ಹೇಳ್ಲಿಲ್ಲ?" ಎಂದರು.

ನಾನು ಕೈ ಮುಗಿದು ಮೆಟ್ಟಿಲಿಳಿದೆ. ಗೇಟಿನ ಅಗುಳಿ ಹಾಕುವಾಗ ತಿರುಗಿ ನೋಡಿದೆ. ಅವರಿನ್ನೂ ಬಿಸಿಲಲ್ಲೇ ನಿಂತಿದ್ದರು. ಆಕೆ ಹತ್ತಿರ ಬಂದು, ನಾನು ಮಾಡಿದಂತೆಯೇ, ಗಂಡನ ಕಣ್ಣಿನ ಪಕ್ಕಕ್ಕೆ ತಮ್ಮ ಅಂಗೈ ಹಿಡಿದು ಏನೋ ಕೇಳುತ್ತಿದ್ದರು.